ಹಡಗಿನ ಕಡಲೆಕಾಯಿ, ಡಚ್ಚರ ತುರುಪು: ವಲ್ಲಾರ್ಪಾಡಂ ಜಾತ್ರೆಯಲ್ಲಿ ಸಿಕ್ಕ ಚರಿತ್ರೆ

ಇದು ಕಳೆದ ಕಂತಿನ ಮಾತಿನ ಬರಹ ರೂಪ. ವಿಡಿಯೊದಲ್ಲಿ ಸಮಯ ಸಾಲದೆ ಓಡಿಸಿಬಿಟ್ಟ ಒಂದೆರಡು ವಿಷಯಗಳನ್ನ ಇಲ್ಲಿ ನಿಧಾನಕ್ಕೆ ಬರೆದಿದ್ದೀನಿ. ಇಸ್ಪೀಟಿನ ಭಾಗ ಬೇಕಾದವರು ನೇರವಾಗಿ ಅಲ್ಲಿಗೇ ಹೋಗಬಹುದು, ಆದ್ರೆ ತಿಂಡಿಯ ಭಾಗ ಬಿಟ್ಟರೆ ನಷ್ಟ ನಿಮ್ಮದೇ.

ಕಾಕ್ಕನಾಡಿನಲ್ಲೋ ತಿರುವನಂತಪುರದ ಕಳಕ್ಕೂಟ್ಟಂನಲ್ಲೋ ಇರುವ ನಮ್ಮಂಥ ಕನ್ನಡದವರಿಗೆ ಕೇರಳ ಅಂದ್ರೆ ಹೆಚ್ಚಾಗಿ ಮೂರು ಜಾಗ: ಆಫೀಸು, ಬಾಡಿಗೆ ಫ್ಲಾಟು, ಶುಕ್ರವಾರ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸಿನ ಸ್ಟಾಪು. ಟೆಕ್ನೋಪಾರ್ಕ್ ಶುರುವಾಗಿದ್ದು 1990ರಲ್ಲಿ, ಕೊಚ್ಚಿಯ ಇನ್ಫೋಪಾರ್ಕ್ 2004ರಲ್ಲಿ. ಇಷ್ಟು ವರ್ಷಗಳಲ್ಲಿ ಬಂದುಹೋದ ಕನ್ನಡಿಗರಲ್ಲಿ ಊರಿನ ಹಬ್ಬವೊಂದಕ್ಕೆ ಸುಮ್ಮನೆ ಹೋಗಿ ನಿಂತವರು ಎಷ್ಟು ಜನ? ಓಣಂಗೆ ಆಫೀಸಿನಲ್ಲಿ ಮುಂಡು ಉಟ್ಟು ಸದ್ಯ ತಿಂದದ್ದನ್ನ ಲೆಕ್ಕಕ್ಕೆ ಹಿಡಿಯೋದು ಬೇಡ. ಊಟದ ಮೇಜಿನಲ್ಲಿ ಎಲ್ಲರೂ ಮಲಯಾಳಂಗೆ ಜಾರಿದಾಗ ನಾವು ಫೋನು ನೋಡ್ತಾ ಕೂರ್ತೀವಲ್ಲ, ಅದು ಎರಡು ವರ್ಷ ಆದಮೇಲೂ ಮುಗಿಯಲ್ಲ. ನನಗೆ ಅದು ಮುಗಿದದ್ದು ಇಸ್ಪೀಟಿನಿಂದ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಊರು. ಕೊಚ್ಚಿ ಬಂದರೇ ಒಂದು ಪ್ರವಾಹದ ಮಗು ಅನ್ನಬಹುದು. 1341ರ ಪೆರಿಯಾರ್ ಪ್ರವಾಹದಲ್ಲಿ ಹಳೆಯ ಮುಜಿರಿಸ್ ಕಡೆಯ ಬಾಯಿ ಹೂಳು ತುಂಬಿ, ಕೊಚ್ಚಿಯ ಬಾಯಿ ತೆರೆದುಕೊಂಡಿತು ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಮಾತು. ಆ ಬಾಯಿಯ ಒಳಗೆ, ಹಿನ್ನೀರಿನಲ್ಲಿರುವ ಉದ್ದನೆಯ ಸಣ್ಣ ದ್ವೀಪ ವಲ್ಲಾರ್ಪಾಡಂ. ಎರ್ನಾಕುಳಂ ಹೈಕೋರ್ಟ್ ಬಳಿಯಿಂದ ಗೋಶ್ರೀ ಸೇತುವೆ ಹತ್ತಿದ್ರೆ ಮೊದಲು ಬೋಲ್ಗಾಟ್ಟಿ, ಆಮೇಲೆ ವಲ್ಲಾರ್ಪಾಡಂ, ಆಮೇಲೆ ವೈಪಿನ್. ಈ ಸೇತುವೆಗಳು ತೆರೆದದ್ದು 2004ರಲ್ಲಿ. ಅದಕ್ಕೆ ಮುಂಚೆ ದೋಣಿಯೇ ಗತಿ.

ಇಲ್ಲಿ ಪೋರ್ಚುಗೀಸರು 1524ರಲ್ಲಿ ಚರ್ಚ್ ಕಟ್ಟಿದರು. 1676ರಲ್ಲಿ ಪ್ರವಾಹಕ್ಕೆ ಸಿಕ್ಕಿ ಅದು ಹೋಯಿತು. ನೀರಿನಲ್ಲಿ ತೇಲುತ್ತಿದ್ದ ಮಾತೆಯ ಚಿತ್ರಪಟವನ್ನ ಮೇಲೆತ್ತಿಸಿದ್ದು, ಹೊಸ ಚರ್ಚಿಗೆ ಜಾಗ ಕೊಟ್ಟಿದ್ದು ಕೊಚ್ಚಿ ರಾಜರ ಮಂತ್ರಿ ಪಾಲಿಯತ್ ರಾಮನ್ ವಲಿಯಚ್ಚನ್ ಅಂತ ಚರ್ಚಿನವರೇ ಹೇಳ್ತಾರೆ. ಆತ ಕೊಟ್ಟ ದೀಪ ಇಂದಿಗೂ ಉರಿಯುತ್ತೆ. ಮಂತ್ರಿ ಹಿಂದೂ, ಚರ್ಚು ಕ್ಯಾಥೊಲಿಕ್. 1752ರ ಕಥೆ ಇನ್ನೂ ಪ್ರಸಿದ್ಧ: ಮೀನಾಕ್ಷಿ ಅಮ್ಮ ಅನ್ನೋ ನಾಯರ್ ಹೆಂಗಸು, ಮಗುವಿನ ಜೊತೆ ದೋಣಿಯಲ್ಲಿ ಹೋಗ್ತಿದ್ದಾಗ ಬಿರುಗಾಳಿಗೆ ದೋಣಿ ಮಗುಚಿತು. ಬದುಕಿದರೆ ಚರ್ಚಿನ ಅಂಗಳ ಗುಡಿಸ್ತೀನಿ ಅಂತ ಹರಕೆ ಹೊತ್ತಳು, ಮೂರನೇ ದಿನ ಮೀನುಗಾರರು ತಾಯಿ-ಮಗುವನ್ನ ಜೀವಂತ ಎತ್ತಿದರು ಅಂತ ನಂಬಿಕೆ. ಹಾಗಾಗಿ ಇವತ್ತಿಗೂ ಬಂದವರು, ಯಾವ ಜಾತಿ ಧರ್ಮವೇ ಇರಲಿ, ಪೊರಕೆ ಹಿಡಿದು ಅಂಗಳ ಗುಡಿಸ್ತಾರೆ. ಉರುಳುಸೇವೆ, ತುಲಾಭಾರ ನೋಡಿ ಬೆಳೆದ ನಮಗೆ ಈ ಹರಕೆಯ ವ್ಯಾಕರಣ ಯಾರೂ ವಿವರಿಸಬೇಕಾಗಿಲ್ಲ.

ಪೆರುನ್ನಾಳ್, ಅಂದ್ರೆ ಹಬ್ಬ, ಸೆಪ್ಟೆಂಬರ್ 24ಕ್ಕೆ. ಅದರ ಸುತ್ತ ಸಾಲು ಸಾಲು ಅಂಗಡಿ. ಉಳುನ್ನಾಡ ಅಂತ ಉದ್ದಿನ ಹಿಟ್ಟಿನ ಬಳೆಗಳು, ಸಕ್ಕರೆ ಪಾಕ ಮೆತ್ತಿಕೊಂಡು ಬೆಳ್ಳಗೆ, ಕಡಿದ್ರೆ ಕಟುಂ ಅನ್ನೋದು. ಹಲ್ವದ ಇಟ್ಟಿಗೆಗಳು, ಖರ್ಜೂರ, ಮುರುಕ್ಕು, ಪೊರಿ. ಗಾಜಿನ ಭರಣಿಗಳಲ್ಲಿ ಉಪ್ಪಿಲಿಟ್ಟದ್, ಅಂದ್ರೆ ಉಪ್ಪುನೀರಿನಲ್ಲಿ ನೆನೆದ ನೆಲ್ಲಿಕಾಯಿ, ಮಾವಿನಕಾಯಿ, ಅನಾನಸ್. ನನ್ನಾರಿ ಶರಬತ್ತು, ಇದು ನಮ್ಮ ಸೊಗದೆ ಬೇರಿನದ್ದೇ. ಪೊರಿ ಅಂದ್ರೆ ನಮ್ಮ ಪುರಿ, ನೀವು ಹುಬ್ಬಳ್ಳಿ ಕಡೆಯವರಾದ್ರೆ ಚುರಮುರಿ, ಶಿವಮೊಗ್ಗ ಕಡೆಯವರಾದ್ರೆ ಮಂಡಕ್ಕಿ. ಬೆಂಡು-ಬತ್ತಾಸು ಮಾತ್ರ ಎಲ್ಲೂ ಕಾಣಲಿಲ್ಲ. ಜಾತ್ರೆ ಅಂದ ಕೂಡಲೇ ಬೆಂಡು-ಬತ್ತಾಸು ನೆನಪಾಗೋ ನಾಲಿಗೆಗೆ ಉಳುನ್ನಾಡ ಅರ್ಧ ಸಮಾಧಾನ ಕೊಡುತ್ತೆ, ಪೂರ್ತಿ ಅಲ್ಲ. ಇದರಲ್ಲಿ ನಾನು ರಾಜಿ ಆಗಲ್ಲ.

ಹುರಿದ ಕಡಲೆಕಾಯಿ ಮಾರುವವನ ಗಾಡಿ ಹತ್ತಿರ ಮಾತ್ರ ಸ್ವಲ್ಪ ನಿಲ್ಲಿ. ಮಲಯಾಳಂನಲ್ಲಿ ಕಡಲೆಕಾಯಿಗೆ ಕಪ್ಪಲಂಡಿ ಅಂತಾರೆ. ಕಪ್ಪಲ್ ಅಂದ್ರೆ ಹಡಗು, ಅಂಡಿ ಅಂದ್ರೆ ಬೀಜ, ಅಂದ್ರೆ ಹಡಗಿನಲ್ಲಿ ಬಂದ ಬೀಜ ಅಂತ ಜನ ಬಿಡಿಸಿ ಹೇಳ್ತಾರೆ. ಪರಂಗಿ ಹಣ್ಣಿಗೆ ಕೆಲವು ಕಡೆ ಕಪ್ಪಲಂಗ. ಗೇರು ಮರಕ್ಕೆ ಕಪ್ಪಲ್‌ಮಾವು, ಇಲ್ಲಾಂದ್ರೆ ಪರಂಗಿಮಾವು. ಒಣಮೆಣಸಿನಕಾಯಿಗೂ ಹಿಂದೆ ಕಪ್ಪಲ್ ಮುಳಕ್ ಅನ್ನೋ ಹೆಸರಿತ್ತು. ಇವೆಲ್ಲಾ ಅಮೆರಿಕ ಖಂಡದ ಬೆಳೆಗಳು, ಪೋರ್ಚುಗೀಸರ ಕಾಲದ ಹಡಗು ವ್ಯಾಪಾರದಲ್ಲಿ ನಮ್ಮ ಕಡೆ ಬಂದವು. ಕರಾವಳಿಯವರಿಗೆ ಕಂಡದ್ದು ಹಡಗು, ಹಾಗಾಗಿ ಹೆಸರಿನಲ್ಲಿ ಹಡಗು ಉಳಿಯಿತು. ಘಟ್ಟದ ಮೇಲಿನ ನಮಗೆ ಹಡಗು ಕಾಣಲಿಲ್ಲ, ತಂದವರ ಸುದ್ದಿ ಮಾತ್ರ ಬಂತು, ಹಾಗಾಗಿ ನಾವು ಪರಂಗಿ ಅಂದ್ವಿ. ಇದು ನನ್ನ ಊಹೆ, ಭಾಷಾಶಾಸ್ತ್ರಜ್ಞರು ಬೈಯಬಹುದು.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನ ಈ ಬೆಳಕಿನಲ್ಲಿ ನೋಡಿ. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿಂದ ಬಸವ, ರೈತರು ಕಟ್ಟಿದ ಗುಡಿ, ಕಾರ್ತಿಕದ ಕೊನೆಯ ಸೋಮವಾರ. ಗುಡಿಯನ್ನ ಕೆಂಪೇಗೌಡರ ಕಾಲದ್ದು, ಅಂದ್ರೆ 16ನೇ ಶತಮಾನದ್ದು ಅಂತಾರೆ. ಆ ಹೊತ್ತಿಗೆ ಕಡಲೆಕಾಯಿ ಈ ದೇಶಕ್ಕೆ ಕಾಲಿಟ್ಟಿದ್ದರೂ ತೀರಾ ಹೊಸ ಅತಿಥಿ. ನಮ್ಮ ಅತಿ ದೇಸಿ ಅನ್ನಿಸೋ ಜಾತ್ರೆಯ ಮುಖ್ಯ ಪಾತ್ರಧಾರಿಯೇ ಹಡಗಿನಲ್ಲಿ ಬಂದವನು.

ಹಬ್ಬಗಳಲ್ಲಿ ಹರಕೆಯಾಗಿ ಬಂದ ತೆಂಗಿನಕಾಯಿ, ಕೋಳಿಗಳನ್ನ ಹರಾಜು ಹಾಕೋದಕ್ಕೆ ಇಲ್ಲಿ ಲೇಲಂ ಅಂತಾರೆ. ದಕ್ಷಿಣ ಕನ್ನಡದವರು ತಕ್ಷಣ ಹಿಡೀತಾರೆ: ನಮ್ಮ ಏಲಂ! ಎರಡರ ಮೂಲವೂ ಪೋರ್ಚುಗೀಸಿನ ಲೈಲಾವ್. ಚವಿಟ್ಟುನಾಟಕದ ಬಗ್ಗೆ ಬೇರೆ ಕಂತು ಮಾಡ್ತೀನಿ. ಹಲಗೆಯ ರಂಗದ ಮೇಲೆ ಕಾಲು ಅಪ್ಪಳಿಸುತ್ತಾ, ತಮಿಳು ಬೆರೆತ ಭಾಷೆಯಲ್ಲಿ ಯುರೋಪಿನ ಚಕ್ರವರ್ತಿ ಶಾರ್ಲಮೇನನ ಕಥೆ ಆಡುವ ಕೊಚ್ಚಿ ಕರಾವಳಿಯ ಆಟ. ಯಕ್ಷಗಾನ ನೋಡಿದವರಿಗೆ ಕಿರೀಟ ಮಾತ್ರ ಹೊಸದು, ಹೆಜ್ಜೆಯ ಜೋರು ಗುರುತಿನದ್ದೇ.

ಈಗ ಇಸ್ಪೀಟು.

ಕೇರಳದ ಆಟ ರಮ್ಮಿ ಅಲ್ಲ, ಇರುಪತ್ತೆಟ್ಟ್, ಇಪ್ಪತ್ತೆಂಟು. ಓದುಶಾಲೆಯ ಜಗಲಿಯಲ್ಲಿ, ಕ್ಲಬ್ಬಿನಲ್ಲಿ, ಹಬ್ಬದ ಪೆಂಡಾಲಿನ ಹಿಂದೆ, ಎಲ್ಲಾ ಕಡೆ ಇದೇ. ನಾಲ್ಕು ಜನ, ಎದುರು ಕೂತವರು ಜೊತೆಗಾರರು. ಏಳರಿಂದ ಎಕ್ಕದವರೆಗೆ 32 ಎಲೆ ಸಾಕು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ತಲಾ 1. ರಾಜ ರಾಣಿಗೆ ಸೊನ್ನೆ! ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28. ಮೊದಲು ನಾಲ್ಕೇ ಎಲೆ ಹಂಚ್ತಾರೆ. ಅಷ್ಟನ್ನೇ ನೋಡಿ 14ರಿಂದ ಸವಾಲು ಕರೀಬೇಕು. ಹೆಚ್ಚು ಕರೆದವನು ತನ್ನ ತುರುಪಿನ ಎಲೆಯನ್ನ ಮುಖ ಕೆಳಗೆ ಮಾಡಿ ಇಡ್ತಾನೆ, ಆಮೇಲೆ ಉಳಿದ ನಾಲ್ಕು ಎಲೆ. ತುರುಪು ಯಾವುದು ಅಂತ ಅವನೊಬ್ಬನಿಗೇ ಗೊತ್ತು, ಜೊತೆಗಾರನಿಗೂ ಗೊತ್ತಿಲ್ಲ. ಯಾರಾದರೂ ಬಣ್ಣ ಇಲ್ಲದೆ ತುರುಪು ಕೇಳಿದಾಗಲೇ ಅದು ಮೇಲೇಳೋದು. ಅರ್ಧ ಮಾಹಿತಿಯಲ್ಲಿ ಮಾತು ಕೊಟ್ಟು, ಉಳಿದದ್ದು ಬಂದಮೇಲೆ ಅದನ್ನ ಉಳಿಸಿಕೊಳ್ಳೋದು: ಸ್ಪ್ರಿಂಟ್ ಪ್ಲಾನಿಂಗ್ ಮಾಡಿದವರಿಗೆ ಇದು ಹೊಸದಲ್ಲ.

ಸೋತು ಸೋತು ಖಾಲಿಯಾದವರ ಕಿವಿಗೆ ಕುಣುಕ್ಕ್, ಅಂದ್ರೆ ಓಲೆ, ಹಾಕ್ತಾರೆ. ನಮ್ಮ ಫ್ಲಾಟಿನಲ್ಲಿ ಅದಕ್ಕೆ ಬಟ್ಟೆ ಒಣಹಾಕೋ ಕ್ಲಿಪ್ಪು. ಎರಡು ಕಿವಿಗೂ ಕ್ಲಿಪ್ ಹಾಕಿಕೊಂಡು ಕೂತವನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡೋಕೆ ಯಾರಿಗೂ ಆಗಲ್ಲ. ನನ್ನ ಮಲಯಾಳಂ ಶುರುವಾದದ್ದು ಅಲ್ಲಿ. ಬೇಕಾದ ಅರ್ಧ ಪದ ನನಗೆ ಮೊದಲೇ ಗೊತ್ತಿತ್ತು ಅಂತ ತಿಳಿದದ್ದೂ ಅಲ್ಲೇ. ಅವರು ಗುಲಾನ್ ಅಂದ್ರು, ನಾನು ಗುಲಾಮ ಅಂದೆ. ತುರುಪ್ಪ್ ಅಂದ್ರು, ನಾನು ತುರುಪು ಅಂದೆ. ಕ್ಲಾವರ್ ಅಂದ್ರು, ನಮ್ಮ ಮನೆಯಲ್ಲಿ ಅಜ್ಜ ಕಳಾವರ್ ಅಂತಿದ್ದರು.

ಈ ಪದಗಳನ್ನ ಬಿಚ್ಚಿ ನೋಡಿ. ಕಳಾವರ್ ಇಂಗ್ಲಿಷಿನ ಕ್ಲಬ್ಸ್‌ನಿಂದ ಬಂದದ್ದಲ್ಲ, ಡಚ್ಚಿನ ಕ್ಲಾವರ್. ನಮ್ಮ ಆಟೀನು ಡಚ್ಚಿನ ಹಾರ್ಟನ್. ತುರುಪು ಇಂಗ್ಲಿಷಿನ ಟ್ರಂಪ್‌ಗಿಂತ ಡಚ್ಚಿನ ಟ್ರೂಫ್‌ಗೆ ಹತ್ತಿರ. ಇಸ್ಪೀಟು ಪೋರ್ಚುಗೀಸಿನ ಎಸ್ಪಾದಾದ ಕಡೆಯದ್ದು, ಡೈಮನ್ ಇಂಗ್ಲಿಷಿನದ್ದು, ಗುಲಾಮ ಅರಬ್ಬಿಯಿಂದ, ಮೊಗಲ್ ಗಂಜೀಫಾದಲ್ಲೂ ಇದ್ದ ಹೆಸರು. ಕೊಚ್ಚಿಯನ್ನ ಪೋರ್ಚುಗೀಸರು ಹಿಡಿದಿದ್ದದ್ದು 1663ರವರೆಗೆ, ಡಚ್ಚರು 1795ರವರೆಗೆ, ಆಮೇಲೆ ಇಂಗ್ಲಿಷರು. ಅದೇ ಕ್ರಮ ಒಂದು ಇಸ್ಪೀಟು ಕಟ್ಟಿನೊಳಗೆ ಇದೆ. ಕನ್ನಡ ಕರಾವಳಿಗೂ ಡಚ್ಚರು ಹೊಸಬರಲ್ಲ, 17ನೇ ಶತಮಾನದಲ್ಲಿ ಬಸರೂರಿನಲ್ಲಿ ಅವರ ಕೋಠಿ ಇತ್ತು.

ಪದಗಳಷ್ಟೇ ಅಲ್ಲ, ಆಟದ ಮೂಳೆಯೂ ಡಚ್ಚರದ್ದು ಅನ್ನೋದು ಇಸ್ಪೀಟಿನ ಚರಿತ್ರೆ ಬರೆಯುವವರ ಅಭಿಪ್ರಾಯ. ಇಪ್ಪತ್ತೆಂಟರಲ್ಲಿ ಎಲೆಗಳ ದರ್ಜೆ ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ನೆದರ್ಲೆಂಡ್ಸಿನ ಕ್ಲಾವರ್‌ಯಾಸ್ ಆಟದಲ್ಲಿ ತುರುಪಿನ ಬಣ್ಣಕ್ಕೆ ಇದೇ ಕ್ರಮ, ಒಂದು ಎಲೆಯೂ ಆಚೀಚೆ ಇಲ್ಲ. ಯಾಸ್ ಅನ್ನೋ ಈ ಕುಟುಂಬದ ಇನ್ನೊಂದು ಕೊಂಬೆ ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿ ರಾಷ್ಟ್ರೀಯ ಆಟವೇ ಆಯಿತು. ಅಲ್ಲಿನ ಮೊದಲ ದಾಖಲೆ 1796ರದ್ದು, ಡಚ್ಚರು ಕೊಚ್ಚಿ ಬಿಟ್ಟ ಮರುವರ್ಷ. ಡಚ್ಚರಿದ್ದ ಶ್ರೀಲಂಕಾದಲ್ಲಿ ಇದೇ ದರ್ಜೆಯ ಆಟಕ್ಕೆ 304 ಅಂತ ಹೆಸರು: ಗುಲಾಮ 30, ಒಂಬತ್ತು 20, ಎಕ್ಕ 11, ಹತ್ತು 10, ರಾಜ 3, ರಾಣಿ 2, ಕೂಡಿಸಿ ನಾಲ್ಕರಿಂದ ಗುಣಿಸಿ. ಡಚ್ಚರ ಚಿನ್ಸುರಾ ಇದ್ದ ಬಂಗಾಳದಲ್ಲಿ ಕೊನೆಯ ಪಟ್ಟಿಗೆ ಒಂದು ಸೇರಿಸಿ 29. ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ, 1860ರಿಂದ ಕಬ್ಬಿನ ಗದ್ದೆಗೆ ಹೋದ ಭಾರತೀಯ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಆಡೋದು ಥುನೀ, ಅದರಲ್ಲೂ ಗುಲಾಮನೇ ದೊಡ್ಡವನು. ವಲ್ಲಾರ್ಪಾಡಂ ಪಕ್ಕದ ಬೋಲ್ಗಾಟ್ಟಿಯಲ್ಲಿ ಡಚ್ಚರು 1744ರಲ್ಲಿ ಕಟ್ಟಿದ ಅರಮನೆ ಇನ್ನೂ ನಿಂತಿದೆ, ಈಗ ಹೋಟೆಲು. ಪ್ರವಾಸಿಗಳು ಡಚ್ ಪರಂಪರೆ ಅಂತ ಫೋಟೊ ತೆಗೆಯೋದು ಅದನ್ನ. ನನ್ನ ಪ್ರಕಾರ ನಿಜವಾದ ಪರಂಪರೆ ಪೆಂಡಾಲಿನ ಹಿಂದೆ ಚಾಪೆ ಮೇಲೆ ಕೂತಿದೆ.

ಮೈಸೂರಿನವರು ಬೇಜಾರು ಮಾಡ್ಕೋಬೇಡಿ, ನಮ್ಮಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಚದ್ ಅನ್ನೋ ಗಂಜೀಫಾ ಆಟಗಳನ್ನ ವಿವರಿಸಿದ್ದಾರೆ. ಅರಮನೆಯ ಆ ಸುಂದರ ಆಟಗಳು ಈಗ ಮ್ಯೂಸಿಯಂನಲ್ಲಿವೆ. ನಾವಿಕರ ಒರಟು ಆಟ ಜಗಲಿಯಲ್ಲಿದೆ.

ಗುಲಾಮ ರಾಜನನ್ನ ಹೊಡೆಯೋದು ಕೇಳೋಕೆ ಚೆನ್ನಾಗಿದೆ, ಆದ್ರೆ ಇಲ್ಲಿ ಸ್ವಲ್ಪ ಗಂಭೀರ ಆಗಬೇಕು. ಡಚ್ ಕಂಪನಿ ಕೊಚ್ಚಿಯಿಂದ ಮೆಣಸಿನ ಜೊತೆ ಮನುಷ್ಯರನ್ನೂ ಸಾಗಿಸಿತು. ಇಲ್ಲಿಂದ ಕೇಪ್ ಟೌನಿಗೂ ಬಟೇವಿಯಕ್ಕೂ ಗುಲಾಮರು ಹೋದರು, ಕೇಪಿನ ಹಳೆಯ ಕಡತಗಳಲ್ಲಿ 'ಮಲಬಾರಿನ' ಅಂತ ಹೆಸರಿನ ಮುಂದೆ ಊರು ಅಂಟಿಸಿಕೊಂಡ ಜನ ಸಿಗ್ತಾರೆ. ವಲ್ಲಾರ್ಪಾಡಂ ಮಾತೆಯ ಬಿರುದು ನೋಡಿ: ಸೆರೆಯಾಳುಗಳನ್ನ ಬಿಡಿಸುವ ಮಾತೆ. 1218ರಲ್ಲಿ ಬಾರ್ಸಿಲೋನಾದಲ್ಲಿ, ಸೆರೆಸಿಕ್ಕ ಕ್ರೈಸ್ತರನ್ನ ಹಣ ಕೊಟ್ಟು ಬಿಡಿಸೋಕೆ ಅಂತಲೇ ಹುಟ್ಟಿದ ಸಂನ್ಯಾಸಿ ಸಂಘದ ಮಾತೆ ಅವಳು. ಅವಳ ದ್ವೀಪದ ಮುಂದೆಯೇ ಗುಲಾಮರನ್ನ ತುಂಬಿದ ಹಡಗುಗಳು ಸಮುದ್ರಕ್ಕೆ ಹೊರಟವು.

ಹಡಗುಗಳು ಈಗಲೂ ಬರ್ತವೆ. 2011ರ ಫೆಬ್ರವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ ಉದ್ಘಾಟಿಸಿದರು. ಅದಕ್ಕೆ ಹೋಗುವ ರೈಲು ಸೇತುವೆ 4.62 ಕಿಲೋಮೀಟರ್, ಕಟ್ಟಿದಾಗ ದೇಶದಲ್ಲೇ ಉದ್ದನೆಯದು. ಈ ರಸ್ತೆ, ರೈಲಿಗಾಗಿ ಸುತ್ತಲಿನ ಹಳ್ಳಿಗಳ 316 ಕುಟುಂಬಗಳು ಮನೆ ಕಳೆದುಕೊಂಡವು. 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಯಲ್ಲಿ ಪೊಲೀಸರ ಕಾವಲಿನಲ್ಲಿ ಮನೆ ಕೆಡವಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಪುನರ್ವಸತಿ ಪ್ಯಾಕೇಜ್ ಅದೇ ವರ್ಷ ಬಂತು, ಕೊಟ್ಟ ಜಾಗದಲ್ಲಿ ಮನೆ ಕಟ್ಟಲಾಗದ ಕುಟುಂಬಗಳ ಹೋರಾಟ ಆಮೇಲೂ ವರ್ಷಗಟ್ಟಲೆ ನಡೆಯಿತು. ಬೆಳಿಗ್ಗೆ ಟ್ರಾಫಿಕ್ ಇಲ್ಲ ಅಂತ ನಾವು ಖುಷಿಯಿಂದ ಬೈಕ್ ಓಡಿಸೋ ಕಂಟೇನರ್ ರೋಡು ಅದೇ.

ನಮ್ಮ ಆಟಕ್ಕೆ ಐದನೆಯವರಾಗಿ ಬಂದು ಹಿಂದೆ ನಿಂತು ಸಲಹೆ ಕೊಡುವ ಹಿರಿಯರೊಬ್ಬರಿದ್ದಾರೆ, ಆ ಕಡೆಯವರೇ. ಮೊದಲೆಲ್ಲಾ ಒಂದೇ ಜಗಲಿಯಲ್ಲಿ ಆಡ್ತಿದ್ದವರು ಈಗ ಆರು ಕಡೆ ಚದುರಿದ್ದಾರಂತೆ, ಸೇರೋದು ಪೆರುನ್ನಾಳಿಗೆ ಮಾತ್ರ. ಜಗಲಿ ಇಲ್ಲದ ಮೇಲೆ ನಾಲ್ಕು ಕೈ ಎಲ್ಲಿಂದ ತರೋದು ಅಂತಾರೆ. ನಾನು ಗುಲಾಮ ಇಟ್ಟುಕೊಂಡು 16ಕ್ಕೇ ಪಾಸ್ ಅಂದಾಗೆಲ್ಲ ಹಿಂದಿನಿಂದ ಅವರ ನಿಟ್ಟುಸಿರು ಕೇಳಿಸುತ್ತೆ.