ನೋಟ, ಗೋಷ್ಠಿ, ಅನುಭಾವ: ಬಾಗಲಕೋಟೆ ಸೀಮೆಯಲ್ಲಿ ಚಲನಚಿತ್ರ ವೀಕ್ಷಣೆಯ ಹಿನ್ನೆಲೆ

ಲೌಕಿಕ ವ್ಯವಹಾರವನ್ನು ಕೆಲಕಾಲ ಬದಿಗಿರಿಸಿ ಆತ್ಮಶೋಧನೆಗೆ ತೊಡಗುವ ಪದ್ಧತಿ ಎಲ್ಲ ಮತಗಳಲ್ಲಿಯೂ ಉಂಟು. ಚಲನಚಿತ್ರಗಳನ್ನು ಒಂದುಗೂಡಿ ನೋಡಿ, ಅನಂತರ ಕುಳಿತು ಚರ್ಚಿಸುವುದೂ ಅಂತಹ ಸಾಧನೆಯ ಒಂದು ರೂಪವಾಗಬಲ್ಲುದೆಂಬ ವಿಚಾರ ಈಚಿನ ಕಾಲದ್ದು. ಇದು ಪರದೇಶದಿಂದ ಬಂದ ನೂತನ ಕಲ್ಪನೆಯೆಂದೇ ಹಲವರ ಭಾವನೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪ್ರದೇಶಗಳ ಸಾಂಸ್ಕೃತಿಕ ಇತಿಹಾಸವನ್ನು ಪರಿಶೀಲಿಸಿದರೆ, ಈ ಕಲ್ಪನೆಗೆ ಬೇಕಾದ ಅಂಗಗಳೆಲ್ಲವೂ ಇಲ್ಲಿ ಬಹುಕಾಲದಿಂದ ಬಿಡಿಬಿಡಿಯಾಗಿ ಇದ್ದವೆಂಬುದು ತಿಳಿದುಬರುತ್ತದೆ. ಅವು ಒಂದೆಡೆ ಕೂಡಲಿಲ್ಲವೇಕೆ, ಇನ್ನಾದರೂ ಕೂಡಬಹುದೆ ಎಂಬುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

ನಮ್ಮ ದೃಷ್ಟಿಯಲ್ಲಿ ಇಂತಹ ಸಾಧನೆಗೆ ಮೂರು ಅಂಗಗಳಿವೆ. ಮೊದಲನೆಯದು ಬಿಡುವುದು: ಮನೆಯನ್ನೋ ಚಟವನ್ನೋ ನಿತ್ಯದ ಗದ್ದಲವನ್ನೋ ಬಿಟ್ಟು ಬರುವುದು. ಎರಡನೆಯದು ಕೂಡಿ ನೋಡುವುದು ಅಥವಾ ಕೇಳುವುದು. ಮೂರನೆಯದು, ನೋಡಿದುದನ್ನು ಮಾತಿಗೆ ತಂದು, ಒಬ್ಬರ ಅರಿವನ್ನು ಇನ್ನೊಬ್ಬರ ಅರಿವಿನಿಂದ ತಿದ್ದಿಕೊಳ್ಳುವುದು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಬರಿಯ ಉಪವಾಸ, ಬರಿಯ ವಿನೋದ, ಇಲ್ಲವೆ ಬರಿಯ ವಾದ.

ಮೂರನೆಯ ಅಂಗಕ್ಕೆ ಈ ಸೀಮೆಯಲ್ಲಿ ಅತ್ಯಂತ ಪ್ರಾಚೀನವಾದ ಮಾದರಿ ಉಂಟು. ಕೃಷ್ಣಾ-ಮಲಪ್ರಭಾ ನದಿಗಳು ಸಂಗಮಿಸುವ, ಹುನಗುಂದ ತಾಲ್ಲೂಕಿನ ಕೂಡಲಸಂಗಮವು ಬಸವಣ್ಣನವರ ವಿದ್ಯಾಭೂಮಿ, ಐಕ್ಯಭೂಮಿಯೂ ಹೌದು. 12ನೆಯ ಶತಮಾನದ ಶರಣರ ಗೋಷ್ಠಿಗಳು ನಡೆದದ್ದು ಕಲ್ಯಾಣದಲ್ಲಾದರೂ, ಆ ಪರಂಪರೆಯ ನೆನಪನ್ನು ಈ ಕ್ಷೇತ್ರವು ಇಂದಿಗೂ ಹೊತ್ತು ನಿಂತಿದೆ. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದಿರುವುದು ಇಲ್ಲಿ ಗಮನಾರ್ಹವಾಗಿದೆ. ಅನುಭಾವವೆಂಬುದು ಒಬ್ಬನೇ ಗುಹೆಯಲ್ಲಿ ಕುಳಿತು ಪಡೆಯುವ ವಸ್ತುವಲ್ಲ, ಪ್ರಶ್ನೆ-ಪ್ರತಿಪ್ರಶ್ನೆಗಳಲ್ಲಿ ಮೂಡುವಂತಹುದು ಎಂಬ ನಿಲುವು ಆ ಗ್ರಂಥದ ರಚನೆಯಲ್ಲಿಯೇ ಅಡಕವಾಗಿದೆ.

ಮೊದಲನೆಯ ಅಂಗವು ಮಠಗಳಲ್ಲಿ ಉಳಿದುಬಂದಿತು. ಶ್ರಾವಣದಲ್ಲಿ ಊರೂರುಗಳಲ್ಲಿ ಪುರಾಣ ಹಚ್ಚುವುದು ಈ ಭಾಗದ ರೂಢಿ. ರಾತ್ರಿ ಊಟ ಮುಗಿಸಿ ಜನ ಬಂದು ಕೂಡುತ್ತಾರೆ. ಪುರಾಣ ಮಂಗಲವಾಗುವವರೆಗೆ ಕೆಲವರು ಒಂದೊಂದು ವ್ರತವನ್ನು ಹಿಡಿಯುವುದೂ ಉಂಟು. ಇಳಕಲ್ಲ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು (ನಿಧನ 2018) 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯು ಈ ಬಿಡುವಿಕೆಗೆ ಹೊಸ ಅರ್ಥವನ್ನು ಕೊಟ್ಟಿತು. ಸ್ವಾಮಿಗಳು ಬೇಡಿದ್ದು ದವಸಧಾನ್ಯಗಳನ್ನಲ್ಲ, ಜನರ ದುಶ್ಚಟಗಳನ್ನು. ಕೊಡುವವನು ಹಗುರಾಗುವ ಭಿಕ್ಷೆ ಅದು. ಆದರೆ ಪುರಾಣ-ಪ್ರವಚನಗಳಲ್ಲಿ ಮಾತನಾಡುವವರು ಶಾಸ್ತ್ರಿಗಳು. ಶ್ರೋತೃಗಳು ಬಹುಮಟ್ಟಿಗೆ ಮೌನಿಗಳು.

ಎರಡನೆಯ ಅಂಗವಾದ ಕೂಡಿ ನೋಡುವಿಕೆಯು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಬನದ ಹುಣ್ಣಿಮೆಯ ರಥೋತ್ಸವವಾದ ಮೇಲೂ ವಾರಗಟ್ಟಲೆ ನಡೆಯುವ ಈ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲುಸಾಲಾಗಿ ಬಿಡಾರ ಹೂಡುತ್ತವೆ. ಚಕ್ಕಡಿ ಕಟ್ಟಿಕೊಂಡು, ರೊಟ್ಟಿಯ ಬುತ್ತಿಯೊಡನೆ ಬಂದ ಒಕ್ಕಲುಮಕ್ಕಳಿಗೆ ದೇವಿಯ ದರ್ಶನ ಮತ್ತು ರಾತ್ರಿಯ ನಾಟಕ ಎರಡು ಬೇರೆ ಸಂಗತಿಗಳಾಗಿರಲಿಲ್ಲ. ಎರಡೂ ಸೇರಿಯೇ ಜಾತ್ರೆ. ಹುನಗುಂದದ ನೆಲವು ಈ ರಂಗಭೂಮಿಗೆ ನಾಟಕಕಾರರನ್ನೂ ಕೊಟ್ಟಿತು. ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’ಯು ಭಾರತಯುದ್ಧದ ಕೊನೆಯ ಇರುಳಿನ ಘೋರ ಸೇಡನ್ನು ಪ್ರೇಕ್ಷಕನ ಮುಂದಿಡುತ್ತದೆ. ಯುದ್ಧದಲ್ಲಿ ಗೆದ್ದವನು ಯಾರು ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಪ್ರೇಕ್ಷಕನು ಬೆಳಗಿನ ದಾರಿ ಹಿಡಿಯಬೇಕು. ಕಂಪನಿಯವರ ಉದ್ದೇಶ ವ್ಯಾಪಾರವಾಗಿತ್ತೆಂಬುದು ನಿಜ. ಆದರೆ ವ್ಯಾಪಾರವಿದ್ದಲ್ಲಿ ಅರಿವು ಹುಟ್ಟಲಾರದೆಂಬುದಕ್ಕೆ ಆಧಾರವಿಲ್ಲ.

ಚಲನಚಿತ್ರವು ಪ್ರವೇಶಿಸಿದ್ದು ಹೀಗೆ ಹದಗೊಂಡಿದ್ದ ನೆಲಕ್ಕೆ. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ ವಿಜಾಪುರ ಜಿಲ್ಲೆಯ ಭಾಗವಾಗಿದ್ದಿತು. 1936ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಯ ‘ಸಂತ ತುಕಾರಾಮ’ ತೆರೆಕಂಡಿತು. ಮರುವರ್ಷ ಅದು ವೆನಿಸ್ ಚಿತ್ರೋತ್ಸವದ ಮನ್ನಣೆಗೂ ಪಾತ್ರವಾಯಿತು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಭಕ್ತಿಗೀತೆಗಳಿಂದ ಪ್ರಸಿದ್ಧಿ ಪಡೆದ ಅಮೀರಬಾಯಿ ಕರ್ನಾಟಕಿಯವರು ಬೀಳಗಿಯವರೆಂಬುದು ನಮ್ಮ ಜಿಲ್ಲೆಗೆ ಹೆಮ್ಮೆಯ ವಿಷಯ. ಕನ್ನಡದಲ್ಲಿ 1954ರ ‘ಬೇಡರ ಕಣ್ಣಪ್ಪ’ವು ಗುಬ್ಬಿ ಕಂಪನಿಯ ರಂಗದಿಂದ ತೆರೆಗೆ ಬಂದಿತು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವು 1974ರಲ್ಲಿ ಚಿತ್ರವಾಯಿತು. ಜಾತ್ರೆಯ ನಾಟಕದ ಪ್ರೇಕ್ಷಕನೇ ಚಿತ್ರಮಂದಿರದ ಪ್ರೇಕ್ಷಕನೂ ಆದನು. ಆದರೆ ನಾಟಕ ನೋಡಿ ಊರಿಗೆ ಹಿಂದಿರುಗುವ ಚಕ್ಕಡಿಯಲ್ಲಿ ನಡೆಯುತ್ತಿದ್ದ ಮಾತುಕತೆಗೆ, ಒಂದು ಆಟ ಬಿಟ್ಟೊಡನೆ ಇನ್ನೊಂದು ಆಟಕ್ಕೆ ಜನ ನುಗ್ಗುವ ಚಿತ್ರಮಂದಿರದಲ್ಲಿ ಅವಕಾಶವಾಗಲಿಲ್ಲ. ನೋಟ ಉಳಿಯಿತು, ಗೋಷ್ಠಿ ಕಳಚಿತು.

ಈ ಕಳಚಿದ ಕೊಂಡಿಯನ್ನು ಬೇರೆಡೆಗಳಲ್ಲಿ ಜೋಡಿಸುವ ಯತ್ನಗಳು ನಡೆದಿವೆ. ರೋಮಿನ ಕೆಥೋಲಿಕ್ ಧರ್ಮಪೀಠವು 1936ರಲ್ಲಿಯೇ ಚಲನಚಿತ್ರವನ್ನು ಕುರಿತು ಪ್ರತ್ಯೇಕ ಧರ್ಮಪತ್ರವನ್ನು ಹೊರಡಿಸಿತು. ಅದರಲ್ಲಿ ಎಚ್ಚರಿಕೆಯ ಧ್ವನಿಯೇ ಹೆಚ್ಚು. 1995ರಲ್ಲಿಯಾದರೋ ಅದೇ ಪೀಠವು ಮನನಯೋಗ್ಯವಾದ 45 ಚಿತ್ರಗಳ ಪಟ್ಟಿಯನ್ನು ಪ್ರಕಟಿಸಿತು. ಆರು ದಶಕಗಳಲ್ಲಿ ಸಂಶಯವು ಸಾಧನವಾಗಿ ಮಾರ್ಪಟ್ಟ ಬಗೆ ಇದು.

ಕರ್ನಾಟಕದಲ್ಲಿ ಈ ಕಾರ್ಯವನ್ನು ನೆರವೇರಿಸಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡೆಂಬ ಸಣ್ಣ ಹಳ್ಳಿ. 1949ರಲ್ಲಿ ಸ್ಥಾಪಿತವಾದ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ತೆರೆಯಿತು. ಕೆ. ವಿ. ಸುಬ್ಬಣ್ಣನವರು (1932–2005) ಪುಣೆಯ ಪ್ರಾಧ್ಯಾಪಕ ಸತೀಶ್ ಬಹಾದ್ದೂರರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಶಿಬಿರಾರ್ಥಿಗಳು ಊರು ಬಿಟ್ಟು ಬಂದು, ಒಟ್ಟಿಗೆ ಉಂಡು, ಒಟ್ಟಿಗೆ ಚಿತ್ರ ನೋಡಿ, ಮರುದಿನ ಅದನ್ನು ಕುರಿತು ಮಾತನಾಡಿದರು. ಅಲ್ಲಿಯವರು ಇದನ್ನು ಧಾರ್ಮಿಕ ಸಾಧನೆಯೆಂದು ಸಾರಿದವರಲ್ಲ. ಆದರೂ ನಾವು ಮೇಲೆ ಹೇಳಿದ ಮೂರು ಅಂಗಗಳೂ ಅಲ್ಲಿ ಒಂದುಗೂಡಿದ್ದವು. ಹೆಸರು ಯಾವುದಾದರೇನು, ಕ್ರಮವು ಗೋಷ್ಠಿಯ ಕ್ರಮವೇ.

ಇಂತಹ ಗೋಷ್ಠಿಯಿಂದ ಇತಿಹಾಸದ ವಿದ್ಯಾರ್ಥಿಗೆ ಆಗುವ ಲಾಭಕ್ಕೆ ಒಂದು ನಿದರ್ಶನ ಸಾಕು. ಬಸವಣ್ಣನವರನ್ನು ಕುರಿತು 1959ರಲ್ಲಿ ಬಂದ ಚಿತ್ರದ ಹೆಸರು ‘ಜಗಜ್ಯೋತಿ ಬಸವೇಶ್ವರ’. 1983ರಲ್ಲಿ ಬಂದ ಚಿತ್ರದ ಹೆಸರು ‘ಕ್ರಾಂತಿಯೋಗಿ ಬಸವಣ್ಣ’. ಮೊದಲನೆಯದರಲ್ಲಿ ‘ಈಶ್ವರ’, ಎರಡನೆಯದರಲ್ಲಿ ‘ಅಣ್ಣ’. ಒಂದರಲ್ಲಿ ಜ್ಯೋತಿ, ಇನ್ನೊಂದರಲ್ಲಿ ಕ್ರಾಂತಿ. ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾಡಿನ ಕಣ್ಣು ಎತ್ತ ಹೊರಳಿತೆಂಬುದನ್ನು ಹೆಸರುಗಳೇ ಸೂಚಿಸುತ್ತವೆ. ಎರಡನ್ನೂ ಎರಡು ಸಂಜೆ ಕೂಡಲಸಂಗಮದಲ್ಲಿ ನೋಡಿ, ಮೂರನೆಯ ದಿನ ವಚನಗಳನ್ನೂ ಶಾಸನಗಳನ್ನೂ ಮುಂದಿಟ್ಟುಕೊಂಡು ಚರ್ಚಿಸಿದರೆ, ಭಕ್ತಿಯಿಂದ ಬಂದವನಿಗೆ ವಿಮರ್ಶೆಯೂ ವಿಮರ್ಶೆಯಿಂದ ಬಂದವನಿಗೆ ವಿನಯವೂ ಲಭಿಸೀತು. ತಾನು ಪೂಜಿಸುವ ಮೂರ್ತಿಯನ್ನು ತನ್ನ ಕಾಲವೇ ಕಡೆದಿದೆಯೆ ಎಂದು ಕೇಳಿಕೊಳ್ಳುವುದು ಸಣ್ಣ ತಪಸ್ಸಲ್ಲ.

ಈ ಕಾರ್ಯಕ್ಕೆ ಕಾಲ ಮಿಂಚುತ್ತಿದೆ ಎಂಬುದನ್ನು ಹೇಳದಿರಲಾಗದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಜನರು ನವನಗರಕ್ಕೆ ನೆಲೆ ಬದಲಿಸಿದರು. ಅವರೊಡನೆ ಮನೆಗಳು ಬಂದವು, ಕೂಡಿ ಕುಳಿತು ಮಾತನಾಡುವ ಕಟ್ಟೆಗಳು ಬರಲಿಲ್ಲ. ಇಂದು ಚಿತ್ರವು ಪ್ರತಿಯೊಬ್ಬನ ಅಂಗೈಗೆ ಬಂದಿದೆ, ನೋಡುವವನು ಒಬ್ಬಂಟಿಯಾಗಿದ್ದಾನೆ. ಇದು ಏಕಾಂತದಂತೆ ತೋರಿದರೂ ಏಕಾಂತವಲ್ಲ, ಏಕೆಂದರೆ ಇದರಲ್ಲಿ ಬಿಟ್ಟುಬಂದದ್ದು ಏನೂ ಇಲ್ಲ. ಜಾತ್ರೆಯ ಇರುಳುಗಳನ್ನೂ ಹಳೆಯ ಆಟಗಳನ್ನೂ ಕಂಡ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಅವರ ನೆನಪುಗಳನ್ನು ಬರೆದಿಟ್ಟುಕೊಳ್ಳುವುದು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳ ಮೊದಲ ಕರ್ತವ್ಯ. ವರ್ಷಕ್ಕೊಮ್ಮೆಯಾದರೂ ಮೂರು ದಿನ ಚಿತ್ರಗೋಷ್ಠಿಯನ್ನು ಏರ್ಪಡಿಸುವುದು ಎರಡನೆಯದು. ಅದಕ್ಕೆ ಬೇಕಾದದ್ದು ಒಂದು ತೆರೆ, ಒಂದು ಜಮಖಾನೆ, ಮತ್ತು ಚಿತ್ರ ಮುಗಿದ ಕೂಡಲೇ ಏಳದಿರುವ ತಾಳ್ಮೆ.