ವೃದ್ಧರ ಮೂತ್ರಪಿಂಡರೋಗದಲ್ಲಿ ರಕ್ತಹೀನತೆ: ಚಿಕಿತ್ಸೆ ನಡೆದು ಬಂದ ದಾರಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರೊಬ್ಬರು ನಾಲ್ಕು ಹೆಜ್ಜೆಗೆ ಏದುಸಿರುಬಿಟ್ಟು ಕಟ್ಟೆಯ ಮೇಲೆ ಕುಳಿತರೆ ಮನೆಯವರು ಅದನ್ನು ವಯೋಧರ್ಮವೆಂದೇ ಬಗೆಯುತ್ತಾರೆ. 'ಮೈಯಾಗ ರಕ್ತ ಇಲ್ಲ' ಎಂದು ಯಾರಾದರೂ ಎಂದರೆ ಟಾನಿಕ್ಕಿನ ಸೀಸೆಯೋ ಕರದಂಟಿನ ಪೊಟ್ಟಣವೋ ಮನೆಗೆ ಬರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಸವೆದ ಮೂತ್ರಪಿಂಡವೇ ಆ ರಕ್ತಹೀನತೆಯ ಮೂಲವಾಗಿರಬಹುದೆಂಬ ಶಂಕೆ ಮಾತ್ರ ತೀರ ತಡವಾಗಿ ಮೂಡುತ್ತದೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆಯು ಮಕ್ಕಳು, ಹದಿಹರೆಯದವರು, ಗರ್ಭಿಣಿಯರು, ಬಾಣಂತಿಯರು ಮೊದಲಾದ ಆರು ವರ್ಗಗಳನ್ನು ಹೆಸರಿಸಿತು. ಅವುಗಳಲ್ಲಿ ವೃದ್ಧರ ವರ್ಗವಿಲ್ಲ.

ಮೂತ್ರಪಿಂಡರೋಗಿಗಳ ಮುಖಕಾಂತಿ ಕುಂದುವುದನ್ನು ಲಂಡನ್ನಿನ ರಿಚರ್ಡ್ ಬ್ರೈಟನು 1836ರಷ್ಟು ಹಿಂದೆಯೇ ಬರೆದಿಟ್ಟಿದ್ದನು. ರಕ್ತಕಣಗಳ ಉತ್ಪತ್ತಿಗೆ ಪ್ರಚೋದಕವೊಂದಿರಬೇಕೆಂದು 1906ರಲ್ಲಿ ಫ್ರಾನ್ಸಿನ ಕಾರ್ನೋ ಮತ್ತು ದೆಫ್ಲಾಂದ್ರ್ ಊಹಿಸಿದರು. ಅದು ಹುಟ್ಟುವುದು ಮೂತ್ರಪಿಂಡದಲ್ಲೆಂದು 1957ರಲ್ಲಿ ಜೇಕಬ್‌ಸನ್ ತೋರಿಸಿದನು. 1977ರಲ್ಲಿ ಗೋಲ್ಡ್‌ವಾಸರನೂ ಅವನ ಸಂಗಡಿಗರೂ ಎರಿತ್ರೊಪೊಯಿಟಿನ್ ಎಂಬ ಆ ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1989ರಲ್ಲಿ ಅಮೆರಿಕವು ಅದನ್ನು ಔಷಧವಾಗಿ ಅಂಗೀಕರಿಸಿತು.

ಆ ಔಷಧ ಕೈಗೆಟುಕುವವರೆಗೆ ನಮ್ಮ ಪೀಳಿಗೆಯ ವೈದ್ಯರಿಗೆ ಇದ್ದ ಮುಖ್ಯ ಆಸರೆ ರಕ್ತದ ಬಾಟಲಿ. ಅದರಿಂದ ಕಾಮಾಲೆಯ ಸೋಂಕು ತಗಲುವ ಭಯವಿತ್ತು. ಪದೇಪದೇ ಕೊಟ್ಟರೆ ಯಕೃತ್ತಿನಲ್ಲಿ ಕಬ್ಬಿಣ ತುಂಬಿಕೊಳ್ಳುತ್ತಿತ್ತು. ದುರ್ಬಲ ಹೃದಯದ ವೃದ್ಧರಿಗಂತೂ ಒಂದು ಬಾಟಲಿಯ ಭಾರವೇ ಶ್ವಾಸಕೋಶದಲ್ಲಿ ನೀರಾಗಿ ನಿಲ್ಲಬಹುದಾಗಿತ್ತು. ಆದುದರಿಂದ ಭಾರತೀಯ ಕಂಪನಿಗಳು ಎರಿತ್ರೊಪೊಯಿಟಿನ್ ತಯಾರಿಸತೊಡಗಿ ಅದು ನಮ್ಮವರೆಗೂ ಬಂದಾಗ, ಹಾಸಿಗೆ ಹಿಡಿದವರು ಎದ್ದು ಹೊಲದ ಬದುವಿನವರೆಗೆ ನಡೆದುದನ್ನು ಕಂಡ ನಮಗಾದ ಹರ್ಷವನ್ನು ಈಗಿನ ತರುಣ ವೈದ್ಯರು ಊಹಿಸಲಾರರು.

ಹರ್ಷದ ಬೆನ್ನಿಗೇ ಭ್ರಾಂತಿಯೂ ಬಂದಿತು. ಹಿಮೋಗ್ಲೋಬಿನ್ ಏರಿದಷ್ಟೂ ಹಿತವೆಂಬ ನಂಬಿಕೆ ಹಬ್ಬಿತು. ಆದರೆ ಆ ನಂಬಿಕೆಯನ್ನು ಪರೀಕ್ಷಿಸಲು ಹೃದ್ರೋಗವುಳ್ಳ ಡಯಾಲಿಸಿಸ್ ರೋಗಿಗಳಲ್ಲಿ ನಡೆದ 1998ರ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2006ರ ಕ್ವಾಯರ್ ಪ್ರಯೋಗದಲ್ಲಿ ಡೆಸಿಲೀಟರ್ ರಕ್ತಕ್ಕೆ 13.5 ಗ್ರಾಮಿನ ಗುರಿಯಿಟ್ಟವರಿಗೆ ಅಪಾಯವೇ ಹೆಚ್ಚಿತು. ಸಕ್ಕರೆ ಕಾಯಿಲೆಯ ನಾಲ್ಕು ಸಾವಿರಕ್ಕೂ ಮಿಕ್ಕ ರೋಗಿಗಳನ್ನೊಳಗೊಂಡ 2009ರ ಟ್ರೀಟ್ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಸಾಮಾನ್ಯವಾಗಿ 11.5 ಗ್ರಾಮನ್ನು ಮೀರಬಾರದೆಂದು ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2012ರ ಮಾರ್ಗಸೂಚಿ ಹೇಳಿತು. ಆದರೂ ಪ್ರಯೋಗಾಲಯದ ಚೀಟಿಯಲ್ಲಿ ಹದಿಮೂರು ಕಾಣುವವರೆಗೆ ಸಮಾಧಾನಪಡದ ಮಕ್ಕಳೂ ವೈದ್ಯರೂ ಇಂದಿಗೂ ಇದ್ದಾರೆ. ವೃದ್ಧನಿಗೆ ಬೇಕಾದದ್ದು ತಾನೇ ಸ್ನಾನ ಮಾಡಿ ಗುಡಿಯವರೆಗೆ ಹೋಗಿಬರುವಷ್ಟು ಶಕ್ತಿ. ಅದಕ್ಕೆ ಹತ್ತು ಗ್ರಾಮು ಸಾಕಾದರೆ ಹತ್ತೇ ಸಾಕು.

ಕಾರಣಾನ್ವೇಷಣೆ ಮೊದಲು, ಕಬ್ಬಿಣ ಅದರ ಮೇಲೆ, ಎರಿತ್ರೊಪೊಯಿಟಿನ್ ಇಂಜೆಕ್ಷನ್ ಕಡೆಗೆ ಎಂಬ ಪಂಥಕ್ಕೆ ಸೇರಿದವನು ನಾನು. ಮೂತ್ರಪಿಂಡ ಕೆಟ್ಟಿದೆಯೆಂದ ಮಾತ್ರಕ್ಕೆ ರಕ್ತಹೀನತೆಯೆಲ್ಲ ಅದರದೇ ಎನ್ನಲಾಗದು. ಮೊಣಕಾಲ ನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಗುಳಿಗೆಗಳು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಜಠರದಲ್ಲಿ ಗುಟ್ಟಾಗಿ ರಕ್ತ ಸುರಿಸಿರಬಹುದು. ಶಾಕಾಹಾರಿ ಮನೆಯ ಅಜ್ಜಿಗೆ ಬಿ-12ರ ಕೊರತೆಯಿರಬಹುದು. ಬೆನ್ನುನೋವು, ರಕ್ತಹೀನತೆ, ಮೂತ್ರಪಿಂಡದ ದೌರ್ಬಲ್ಯ ಮೂರೂ ಕೂಡಿ ಬಂದಲ್ಲಿ ಮೈಲೋಮಾ ಎಂಬ ಮಜ್ಜೆಯ ಅರ್ಬುದವನ್ನು ಶಂಕಿಸದಿರುವುದು ಅಕ್ಷಮ್ಯ. ಕಬ್ಬಿಣದ ಗುಳಿಗೆ ಮೂತ್ರಪಿಂಡರೋಗಿಗಳಲ್ಲಿ ಏಕೆ ಸೋಲುತ್ತದೆಂಬುದು ಈ ಶತಮಾನದ ಆರಂಭದಲ್ಲಿ ಹೆಪ್ಸಿಡಿನ್ ಪತ್ತೆಯಾದ ಮೇಲೆ ತಿಳಿಯಿತು: ರೋಗಗ್ರಸ್ತ ದೇಹದಲ್ಲಿ ಹೆಚ್ಚುವ ಈ ದ್ರವ್ಯ ಕರುಳಿನ ಬಾಗಿಲನ್ನೇ ಮುಚ್ಚಿ, ದೇಹದಲ್ಲಿರುವ ಕಬ್ಬಿಣವನ್ನೂ ಕೂಡಿಹಾಕುತ್ತದೆ. ಶಿರೆಯ ಮೂಲಕ ಕಬ್ಬಿಣವನ್ನು ಧಾರಾಳವಾಗಿ ಕೊಟ್ಟರೆ ಎರಿತ್ರೊಪೊಯಿಟಿನ್ ಕಡಿಮೆ ಸಾಕೆಂಬುದನ್ನು ಬ್ರಿಟನ್ನಿನ ಡಯಾಲಿಸಿಸ್ ರೋಗಿಗಳಲ್ಲಿ 2019ರ ಪಿವೋಟಲ್ ಪ್ರಯೋಗ ಸ್ಥಾಪಿಸಿತು. ಇನ್ನು ಕರದಂಟು: ಅದರ ಬೆಲ್ಲ ಸಕ್ಕರೆ ಕಾಯಿಲೆಗೆ ಸಲ್ಲದು, ಒಣಹಣ್ಣುಗಳ ಪೊಟ್ಯಾಸಿಯಂ ಸೋತ ಮೂತ್ರಪಿಂಡದವರ ಹೃದಯಗತಿಯನ್ನೇ ಕೆಡಿಸಬಲ್ಲದು.

2022ರಲ್ಲಿ, ಇಂಜೆಕ್ಷನ್ನಿಗೆ ಬದಲಾಗಿ ನುಂಗಬಹುದಾದ, ಭಾರತದಲ್ಲೇ ರೂಪುಗೊಂಡ ಡೆಸಿಡುಸ್ಟಾಟ್ ಗುಳಿಗೆಗೆ ಅನುಮತಿ ದೊರೆಯಿತು. 2ರಿಂದ 8 ಡಿಗ್ರಿಯ ತಂಪಿನಲ್ಲಿ ಕಾಯ್ದಿರಿಸಬೇಕಾದ ಇಂಜೆಕ್ಷನ್ನನ್ನು ಬೇಸಗೆಯಲ್ಲಿ ಬಸ್ಸಿನಲ್ಲಿ ಊರಿಗೆ ಒಯ್ಯುವವರಿಗೆ ಇದು ಆಶಾದಾಯಕವೇ. ಆದರೆ ವಯೋವೃದ್ಧರಲ್ಲಿ ಅದರ ದೀರ್ಘಕಾಲದ ಪರಿಣಾಮ ತಿಳಿಯುವಷ್ಟು ಕಾಲ ಇನ್ನೂ ಕಳೆದಿಲ್ಲ.

ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ರ‍್ಯಾಪಿಡೈರನ್ ಪ್ರಯೋಗದಲ್ಲಿ ಕರ್ನಾಟಕ, ರಾಜಸ್ಥಾನಗಳ ಗರ್ಭಿಣಿಯರಿಗೆ ಒಂದೇ ಸರದಿಯಲ್ಲಿ ಶಿರೆಯ ಮೂಲಕ ಕಬ್ಬಿಣ ಕೊಟ್ಟು ಗುಳಿಗೆಯೊಡನೆ ಹೋಲಿಸಿ ನೋಡಿದ್ದಾರೆ. ನಮ್ಮ ಹಳ್ಳಿಗಾಡಿನ ನಡುವೆ ಅಂಥ ಚಿಕಿತ್ಸೆಯನ್ನು ಶಾಸ್ತ್ರೀಯವಾಗಿ ನಡೆಸಬಹುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಅದನ್ನು ಕೂಡಿ ನಡೆಸುವ ಪರಂಪರೆಯೂ ನಮಗಿದೆ: ಜನರೇ ಕೂಡಿ ಸಹಕಾರಿ ಆಸ್ಪತ್ರೆ ಕಟ್ಟಿಕೊಂಡ ಘಟಪ್ರಭೆ ಈ ಸೀಮೆಯಲ್ಲಿಯೇ ಇದೆ. ಇನ್ನೂ ಡಯಾಲಿಸಿಸ್ಸಿಗೆ ಬಾರದ, ಕ್ರಿಯಾಟಿನಿನ್ ಏರುತ್ತಿರುವ ವೃದ್ಧರಲ್ಲಿ ಕಬ್ಬಿಣದ ಮಟ್ಟವನ್ನು ತಿಳಿಸುವ ಫೆರಿಟಿನ್ನನ್ನೂ ಟ್ರಾನ್ಸ್‌ಫೆರಿನ್ ಪರ್ಯಾಪ್ತಿಯನ್ನೂ ತಾಲೂಕು ಮಟ್ಟದಲ್ಲೇ ಅಳೆದು, ಬೇಕಾದವರಿಗೆ ಅಲ್ಲಿಯೇ ಕಬ್ಬಿಣ ಕೊಟ್ಟು, ವರ್ಷವೊಂದರ ಬಳಿಕ ಅವರಲ್ಲಿ ಎಷ್ಟು ಮಂದಿ ತಮ್ಮ ಕಾಲಮೇಲೆ ತಾವು ನಡೆಯುತ್ತಿದ್ದಾರೆಂದು ಎಣಿಸುವ ಕೆಲಸವನ್ನು ಈ ಮೂರು ತಾಲೂಕುಗಳಿಂದಲೇ ಆರಂಭಿಸಬೇಕು.