ಕೌದಿಯ ಕರಿಯ ತುಂಡು: ಬಣ್ಣ ಬಿಡದ ಕಪ್ಪು ಬಟ್ಟೆಯ ಚರಿತ್ರೆಯನ್ನು ಕುರಿತು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕಪ್ಪೆಂದೊಡನೆ ಯಾರಿಗಾದರೂ ನೆನಪಾಗುವುದು ಇಲ್ಲಿಯ ಕರಿಕಲ್ಲು. ಮಳೆಗೆ ಕರಗದ, ಬಿಸಿಲಿಗೆ ಮಾಸದ ಆ ಕಪ್ಪು ಇಂದು ದೇಶ ವಿದೇಶಗಳಿಗೆ ಹೋಗುತ್ತಿದೆ. ಪ್ರಸ್ತುತ ಪ್ರಬಂಧದ ವಿಷಯ ಅಷ್ಟು ಗಟ್ಟಿಯಾದ ಕಪ್ಪಲ್ಲ. ಹಳೆಯ ಸೀರೆ ಪಂಚೆಗಳನ್ನು ಪದರಪದರವಾಗಿ ಹಾಸಿ, ಒತ್ತಾಗಿ ದಾರವೋಡಿಸಿ ಹೊಲಿದ ಕೌದಿಯಲ್ಲಿ ಅಲ್ಲಲ್ಲಿ ಕಾಣುವ ಕರಿಯ ಬಟ್ಟೆಯ ತುಂಡೇ ನಮ್ಮ ವಿಷಯವಾಗಿದೆ. ಇಷ್ಟು ಅಲ್ಪವಾದ ವಸ್ತುವಿಗೆ ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಸ್ಥಳವೇಕೆಂದು ವಾಚಕರು ಕೇಳಬಹುದು. ಒಂದು ತುಂಡು ಬಟ್ಟೆ ಏಕೆ ಉಳಿಯಿತು, ಇನ್ನೊಂದು ಏಕೆ ಅಳಿಯಿತು ಎಂಬ ಪ್ರಶ್ನೆ ಇತಿಹಾಸದ ಆಧಾರಗಳನ್ನೇ ಕುರಿತ ಪ್ರಶ್ನೆಯೆಂಬುದು ನಮ್ಮ ಉತ್ತರ.

ನಮ್ಮನ್ನು ಈ ವಿಚಾರಕ್ಕೆ ಹಚ್ಚಿದುದು ನಮ್ಮ ಮನೆಯಲ್ಲಿ ಉಳಿದುಬಂದಿರುವ, ಅಜ್ಜಿಯ ಕಾಲದ ಒಂದು ಕೌದಿ. ಅದರಲ್ಲಿ ಮೂರು ಬಗೆಯ ಕಪ್ಪುಗಳಿವೆ. ಮೊದಲನೆಯದು ಬಣ್ಣವನ್ನು ಕಿಂಚಿತ್ತೂ ಬಿಟ್ಟಿಲ್ಲ. ಆದರೆ ಬೆರಳು ತಾಗಿದೊಡನೆ ಪುಡಿಯಾಗಿ ಉದುರುತ್ತದೆ, ಅನೇಕ ಕಡೆ ಹೊಲಿಗೆಯ ದಾರ ಮಾತ್ರ ನಿಂತು ಬಟ್ಟೆ ಮಾಯವಾಗಿದೆ. ಎರಡನೆಯದು ಇಂದಿಗೂ ಗಟ್ಟಿಯಾಗಿದೆ. ಎಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಕಪ್ಪಿನ ಅಡಿಯಲ್ಲಿ ಕಡುನೀಲಿ ಕಾಣುತ್ತದೆ. ಮೂರನೆಯದು ಉದುರಿಹೋದ ಕಡೆ ತೇಪೆಹಾಕಲೆಂದು ನಮ್ಮ ತಾಯಿಯವರು ಅಂಗಡಿಯಿಂದ ತಂದ ಹೊಸ ಬಟ್ಟೆ. ಅದು ಮೊದಲನೆಯ ಒಗೆತದಲ್ಲಿಯೇ ಬಣ್ಣ ಬಿಟ್ಟು ಪಕ್ಕದ ಬಿಳಿಯ ತುಂಡುಗಳನ್ನು ಮಸಿಯಾಗಿಸಿತು. ಆ ಕಲೆ ಇಂದಿಗೂ ಹೋಗಿಲ್ಲ. ಒಂದೇ ಹೊದಿಕೆಯಲ್ಲಿ ಮೂರು ಕಪ್ಪುಗಳಿಗೆ ಮೂರು ಗತಿಯಾದುದಕ್ಕೆ ಕಾರಣವನ್ನು ಅರಸುವುದೇ ಈ ಬರಹದ ಉದ್ದೇಶ.

1. ಲಿಖಿತ ಆಧಾರಗಳು

ಈ ಸೀಮೆಗೆ ಶಾಸನಗಳ ಕೊರತೆಯಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿಯೇ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ವಿಜಯನಗರದ ಕಾಲದ ಕನ್ನಡ ಶಾಸನಗಳಲ್ಲಿ ಮಗ್ಗದೆರೆಯ ಮಾತು ಮತ್ತೆಮತ್ತೆ ಬರುತ್ತದೆ. ಆದರೆ ಶಾಸನವು ತೆರಿಗೆ ತೆತ್ತ ಮಗ್ಗವನ್ನು ಹೇಳುತ್ತದೆಯೇ ಹೊರತು, ಆ ಮಗ್ಗದಿಂದ ಇಳಿದ ಬಟ್ಟೆ ಹರಿದ ಮೇಲೆ ಏನಾಯಿತೆಂಬುದನ್ನು ಹೇಳುವುದಿಲ್ಲ. ಕೌದಿ ಮಾರಾಟದ ಸರಕಲ್ಲ. ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಹೊಲಿದುಕೊಂಡದ್ದು. ಸುಂಕವಿಲ್ಲದ ವಸ್ತುವಿಗೆ ಲೆಕ್ಕವಿಲ್ಲ, ಲೆಕ್ಕವಿಲ್ಲದುದಕ್ಕೆ ಬರಹವಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ನೇಕಾರರ, ಬಣ್ಣಗಾರರ, ಕಂಬಳಿ ನೇಯುವ ಕುರುಬರ ವಿವರಗಳಿವೆ. ಅವನ ಕಣ್ಣು ಮಾರುಕಟ್ಟೆಯ ಮೇಲಿತ್ತು. ಅಂಗಡಿಗೆ ಬಂದದ್ದನ್ನು ಅವನು ಬರೆದುಕೊಂಡನು. ಕೌದಿಯು ಮನೆಯೊಳಗೇ ಉಳಿಯಿತು. ಮೇಲಾಗಿ ಇಂದಿನ ಜಿಲ್ಲೆಯು 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟುದು. ಕೊಳ್ಳೇಗಾಲವಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆದುದರಿಂದ ಈ ಸೀಮೆಯ ನೇಯ್ಗೆ, ಬಣ್ಣಗಾರಿಕೆಗಳ ಕಾಗದಪತ್ರಗಳನ್ನು ಅರಸುವವರು ಎರಡು ಆಡಳಿತಗಳ ದಫ್ತರಗಳನ್ನು ನೋಡಬೇಕಾಗುತ್ತದೆ.

2. ಹೆಸರಿನಿಂದ ಮೋಸಹೋಗದಿರುವುದು

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಕರ್ನಾಟಕದ ಉತ್ತರ ಭಾಗದಲ್ಲಿ ‘ನೀಲಗಾರ’ ಎಂದರೆ ಬಟ್ಟೆಗೆ ನೀಲಿ ಬಣ್ಣ ಹಾಕುವ ಕಸುಬಿನವನು. ಚಾಮರಾಜನಗರ, ಕೊಳ್ಳೇಗಾಲಗಳ ಕಡೆ ಅದೇ ಹೆಸರು ಮಂಟೇಸ್ವಾಮಿ ಪರಂಪರೆಯ ದೀಕ್ಷೆ ಪಡೆದು ಆ ಮಹಾಕಾವ್ಯವನ್ನು ಹಾಡುವ ಗಾಯಕರದು. ಹೆಸರೊಂದನ್ನೇ ನೆಚ್ಚಿ ‘ಈ ಸೀಮೆಯಲ್ಲಿ ಹಿಂದೆ ನೀಲಿ ಬಣ್ಣಗಾರರು ದೊಡ್ಡ ಸಂಖ್ಯೆಯಲ್ಲಿದ್ದರು’ ಎಂದು ತೀರ್ಮಾನಿಸುವುದು ತಪ್ಪಾದೀತು.

ಆ ಕಾವ್ಯದಲ್ಲಿಯೇ ಸಿದ್ಧಪ್ಪಾಜಿಯು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಪ್ರಸಿದ್ಧವಾದ ಭಾಗವಿದೆ. ಇತ್ತ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಜೇನು, ನೆಲ್ಲಿಕಾಯಿಗಳೊಡನೆ ಅಳಲೆಕಾಯಿಯನ್ನೂ ಸಂಗ್ರಹಿಸುತ್ತ ಬಂದವರು. ಕಬ್ಬಿಣ ಮತ್ತು ಅಳಲೆಕಾಯಿ ಕೂಡಿದರೆ ಕಪ್ಪು ಬಣ್ಣ ಹುಟ್ಟುತ್ತದೆಂಬುದನ್ನು ಮುಂದೆ ವಿವರಿಸುತ್ತೇವೆ. ಎರಡು ಸಾಮಗ್ರಿಗಳೂ ಕೈಯಳತೆಯಲ್ಲಿದ್ದುವೆಂಬುದು ನಿಜ. ಆದರೆ ಸಾಮಗ್ರಿ ಇದ್ದ ಮಾತ್ರಕ್ಕೆ ಕಸುಬು ಇದ್ದಿತೆಂದು ಸಿದ್ಧವಾಗುವುದಿಲ್ಲ. ಕೌದಿಗೆ ಬಂದ ಕರಿಯ ಬಟ್ಟೆ ಸಂತೆಯಿಂದ ಬಂದುದೂ ಆಗಿರಬಹುದು. ಆದುದರಿಂದ ಊರನ್ನು ಬಿಟ್ಟು ಬಟ್ಟೆಯನ್ನೇ ಸಾಕ್ಷಿಯಾಗಿ ಕೇಳುವುದು ಮೇಲು.

3. ಹಳೆಯ ಕಪ್ಪುಗಳ ಬಗೆ

ನಮ್ಮ ನಾಡಿನ ಹಳೆಯ ಕಪ್ಪುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹುಟ್ಟುಗಪ್ಪು. ಕರಿಯ ಕುರಿಯ ಉಣ್ಣೆಯಿಂದ ನೇಯ್ದ ಕಂಬಳಿಗೆ ಬಣ್ಣ ಹಾಕಬೇಕಾದುದಿಲ್ಲ. ಬಿಸಿಲಿನಲ್ಲಿ ಕ್ರಮೇಣ ಕಂದುಬಣ್ಣಕ್ಕೆ ತಿರುಗಬಹುದಲ್ಲದೆ, ನೀರಿನಲ್ಲಿ ಅದು ಬಣ್ಣ ಬಿಡುವುದೆಂಬುದಿಲ್ಲ. ಆದರೆ ಒರಟಾದ ಕಂಬಳಿಯನ್ನು ಮೆತ್ತನೆಯ ನೂಲುಬಟ್ಟೆಯೊಡನೆ ಸೇರಿಸಿ ಹೊಲಿಯುವುದು ಸುಲಭವಲ್ಲ.

ಎರಡನೆಯದು ಇದ್ದಿಲಿನ ಕಪ್ಪು. ಇದಕ್ಕೆ ಉತ್ತಮ ನಿದರ್ಶನ ನಮ್ಮ ಕಡತ. ಹತ್ತಿಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇಂತಹ ಕಡತಗಳನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಅಮೂಲ್ಯವಾದ ಆಧಾರವಾಗಿವೆ. ಇದ್ದಿಲು ಬೆಳಕಿಗೆ ಮಾಸದು. ಆದರೆ ಅದು ಎಳೆಯ ಒಳಕ್ಕೆ ಇಳಿಯದೆ ಮೇಲೆ ಅಂಟಿಕೊಂಡಿರುವುದರಿಂದ ಒಗೆತಕ್ಕೆ ನಿಲ್ಲದು. ಕಡತಕ್ಕೆ ಸಲ್ಲುವ ಕಪ್ಪು ಕೌದಿಗೆ ಸಲ್ಲದು.

ಮೂರನೆಯದು ಅಳಲೆ ಮತ್ತು ಕಬ್ಬಿಣದ ಕಪ್ಪು. ಅಳಲೆಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಸತ್ತ್ವ ಹೇರಳವಾಗಿದೆ. ಬಟ್ಟೆಯನ್ನು ಅದರ ಕಷಾಯದಲ್ಲಿ ನೆನೆಸಿ ಒಣಗಿಸಿ, ಅನ್ನಭೇದಿಯ ನೀರಿನಲ್ಲಿಯೋ, ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣವನ್ನು ಹುದುಗಿಸಿ ತೆಗೆದ ದ್ರವದಲ್ಲಿಯೋ ಅದ್ದಿದರೆ, ಒಗರೂ ಕಬ್ಬಿಣವೂ ಎಳೆಯೊಳಗೆಯೇ ಕೂಡಿ ಕಪ್ಪಾಗುತ್ತವೆ. ಹಿಂದಿನವರು ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ಬಗೆಯಲ್ಲಿ. ಈ ಕಪ್ಪು ನೀರಿಗೆ ಅಷ್ಟಾಗಿ ಬಿಡದು. ಆದರೆ ಕಬ್ಬಿಣದ ಅಂಶವು ಗಾಳಿ ಮತ್ತು ತೇವಗಳೊಡನೆ ಸೇರಿ ವರ್ಷ ಕಳೆದಂತೆ ಹತ್ತಿಯ ಎಳೆಯನ್ನೇ ತಿಂದುಹಾಕುತ್ತದೆ. ಹಳೆಯ ಕಾಗದದಲ್ಲಿ ಅಕ್ಷರವಿದ್ದ ಸ್ಥಳವೇ ತೂತಾಗಿರುವುದನ್ನು ದಫ್ತರಗಳಲ್ಲಿ ಕೆಲಸ ಮಾಡಿದವರೆಲ್ಲರೂ ಕಂಡಿದ್ದಾರೆ. ಅಮೆರಿಕದ 19ನೆಯ ಶತಮಾನದ ಕೌದಿಗಳಲ್ಲಿಯೂ ಕಬ್ಬಿಣದಿಂದ ಕಂದು ಕಪ್ಪುಗಳಾದ ತುಂಡುಗಳೇ ಮೊದಲು ಜೀರ್ಣವಾಗಿರುವುದನ್ನು ಅಲ್ಲಿಯ ವಿದ್ವಾಂಸರು ಗುರುತಿಸಿದ್ದಾರೆ.

ನಾಲ್ಕನೆಯದು ನೀಲಿಯ ಮೇಲಿನ ಕಪ್ಪು. ನೀಲಿಯ ತೊಟ್ಟಿಯಲ್ಲಿ ಬಟ್ಟೆಯನ್ನು ಮತ್ತೆಮತ್ತೆ ಅದ್ದಿ ಗಾಳಿಗೆ ಹಿಡಿದರೆ ಬಣ್ಣವು ಕ್ರಮೇಣ ಕಪ್ಪಿನ ಸಮೀಪಕ್ಕೆ ಬರುತ್ತದೆ. ಅದರ ಮೇಲೆ ಅಳಲೆ ಕಬ್ಬಿಣಗಳ ಒಂದು ತೆಳುವಾದ ಅದ್ದು ಸಾಕು. ಗಾಳಿಗೆ ಬಂದ ನೀಲಿಯು ನೀರಿನಲ್ಲಿ ಕರಗದು. ತಿಕ್ಕಿದರೆ ಸ್ವಲ್ಪ ಉದುರಬಹುದು, ಅಷ್ಟೆ. ಕಬ್ಬಿಣವು ಅಲ್ಪವಾದುದರಿಂದ ಬಟ್ಟೆಗೆ ಆಯುಸ್ಸೂ ಹೆಚ್ಚು. ಧಾರವಾಡ ಬಿಜಾಪುರಗಳ ಕಡೆ ಕಸೂತಿ ಹಾಕುವ ಚಂದ್ರಕಾಳಿ ಸೀರೆಯ ಕಪ್ಪು ಈ ನೀಲಿಯ ಮನೆತನಕ್ಕೆ ಸೇರಿದುದು. ತೊಟ್ಟಿಯ ಖರ್ಚು, ಅದ್ದುವ ಶ್ರಮ ಎರಡೂ ಅಧಿಕವಾದುದರಿಂದ ಇಂತಹ ಬಟ್ಟೆ ಅಗ್ಗವಾಗಿರಲಾರದು.

4. ನಿಂಬೆಯ ಹನಿ

ಕಬ್ಬಿಣದ ಕಪ್ಪು ಹುಳಿಗೆ ನಿಲ್ಲುವುದಿಲ್ಲ. ಬಟ್ಟೆಗೆ ಬಿದ್ದ ಹಳೆಯ ಮಸಿಯ ಕಲೆಗೆ ನಿಂಬೆಹಣ್ಣನ್ನು ಉಜ್ಜುವ ಮನೆಯ ವಾಡಿಕೆಗೆ ಇದೇ ಕಾರಣ. ನಾವು ನಮ್ಮ ಕೌದಿಯಿಂದ ತಾನಾಗಿ ಸಡಿಲವಾಗಿದ್ದ ಎಳೆಗಳನ್ನು ತೆಗೆದು ನಿಂಬೆಯ ರಸದಲ್ಲಿ ಇಟ್ಟೆವು. ಪುಡಿಯಾಗುತ್ತಿದ್ದ ತುಂಡಿನ ಎಳೆ ಸ್ವಲ್ಪ ಹೊತ್ತಿನಲ್ಲಿಯೇ ತನ್ನ ಕಪ್ಪನ್ನು ಕಳೆದುಕೊಂಡು ಮಾಸಲು ಹಳದಿಯಾಯಿತು. ಗಟ್ಟಿಯಾದ ತುಂಡಿನ ಎಳೆ ಕಪ್ಪಿನಿಂದ ಕಡುನೀಲಿಗೆ ಇಳಿದು ಅಲ್ಲಿಯೇ ನಿಂತಿತು. ಇದು ಪ್ರಯೋಗಶಾಲೆಯ ನಿರ್ಣಯವಲ್ಲ, ಒಂದು ಸೂಚನೆ ಮಾತ್ರ. ಆದರೂ ಮೊದಲನೆಯದು ಬರಿಯ ಕಬ್ಬಿಣದ ಕಪ್ಪು, ಎರಡನೆಯದು ನೀಲಿಯನ್ನು ಅಡಿಯಾಗಿ ಹೊಂದಿದ ಕಪ್ಪು ಎಂದು ತಿಳಿಯಲು ಇದು ಸಾಕಾಗುತ್ತದೆಂದು ಭಾವಿಸುತ್ತೇವೆ.

ಇದರಿಂದ ಒಂದು ಮುಖ್ಯವಾದ ವಿಷಯ ಹೊರಪಡುತ್ತದೆ. ಹಳೆಯ ಕೌದಿಗಳಲ್ಲಿ ಕಪ್ಪು ಬಟ್ಟೆ ವಿರಳವೆಂದು ಕಂಡರೆ, ಕಪ್ಪು ಅಮಂಗಳವೆಂಬ ಭಾವನೆಯಿಂದ ಅದನ್ನು ಹೊಲಿಯುತ್ತಿರಲಿಲ್ಲವೆಂದು ಹೇಳಿಬಿಡುವುದು ಸುಲಭ. ಆದರೆ ಹೊಲಿದ ಕಪ್ಪೇ ಉಳಿದಿಲ್ಲವೆಂಬ ಸಂಭವವನ್ನು ಮರೆಯಲಾಗದು. ಅಗ್ಗದ ಕಪ್ಪು ತನ್ನನ್ನು ತಾನೇ ತಿಂದುಕೊಂಡಿತು. ಬೆಲೆಯುಳ್ಳ ಕಪ್ಪು ನಿಂತಿತು. ಉಳಿದುದನ್ನು ಮಾತ್ರ ನೋಡಿ ಬರೆದರೆ, ಬಡವರ ಮನೆಯ ಬಟ್ಟೆ ಇತಿಹಾಸದಿಂದ ಎರಡನೆಯ ಬಾರಿ ಅಳಿಸಿಹೋಗುತ್ತದೆ.

5. ಕಾರ್ಖಾನೆಯ ಕಪ್ಪುಗಳು

1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣವನ್ನು ತೆಗೆದ ಮೇಲೆ ಬಣ್ಣಗಾರಿಕೆಯ ಪ್ರಪಂಚವೇ ಬದಲಾಯಿತು. 1863ರಲ್ಲಿ ಲೈಟ್‌ಫುಟ್ ಎಂಬಾತನು ಅನಿಲೀನ್ ಕಪ್ಪನ್ನೂ, 1893ರಲ್ಲಿ ಫ್ರಾನ್ಸಿನ ವಿದಾಲ್ ಎಂಬಾತನು ಗಂಧಕದ ಕಪ್ಪನ್ನೂ ಪ್ರಚಾರಕ್ಕೆ ತಂದರು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ನಮ್ಮ ದೇಶದ ನೀಲಿಯ ಬೇಸಾಯ ಕುಸಿಯಿತು. ಗಂಧಕದ ಕಪ್ಪು ಅಗ್ಗವಾದುದು, ಒಗೆತಕ್ಕೂ ನಿಲ್ಲತಕ್ಕದ್ದು. ಆದರೆ ಬಟ್ಟೆಯಲ್ಲಿ ಉಳಿದ ಗಂಧಕದ ಅಂಶವು ಸೆಕೆ ತೇವಗಳಲ್ಲಿ ಆಮ್ಲವಾಗಿ ಪರಿಣಮಿಸಿ ಎಳೆಯನ್ನು ಸವೆಸುತ್ತದೆ. ಹೀಗೆ ಅಳಲೆ ಕಬ್ಬಿಣದ ದೋಷವೇ ಬೇರೆ ರೂಪದಲ್ಲಿ ಮರಳಿ ಬಂದಿತು. 1956ರಲ್ಲಿ ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯು ಹೊರತಂದ ‘ರಿಯಾಕ್ಟಿವ್’ ಬಣ್ಣಗಳು ಹತ್ತಿಯ ಎಳೆಯೊಡನೆಯೇ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಅವುಗಳಲ್ಲಿಯೂ ಬೆಸೆಯದೆ ಉಳಿದ ಬಣ್ಣವನ್ನು ಕುದಿನೀರಿನಲ್ಲಿ ಸೋಪು ಹಾಕಿ ಪೂರ್ತಿಯಾಗಿ ತೊಳೆದು ತೆಗೆಯಬೇಕು. ಕಪ್ಪಿಗೆ ಬಣ್ಣ ಅತ್ಯಧಿಕವಾಗಿ ಬೇಕಾಗುವುದರಿಂದ ತೊಳೆಯುವ ಕೆಲಸವೂ ಅಧಿಕ. ಅಲ್ಲಿ ಉದಾಸೀನ ಮಾಡಿದರೆ ಆ ಶೇಷವು ಕೊಂಡವರ ಮನೆಯಲ್ಲಿ ಇಳಿಯುತ್ತದೆ. ನಮ್ಮ ಕೌದಿಯ ಮೂರನೆಯ ಕಪ್ಪಿನಿಂದ ಆದುದು ಇಂತಹ ಅನರ್ಥವೇ.

6. ಹಳತನ್ನು ಆರಿಸುವ ವಿವೇಕ

ಕೌದಿಯನ್ನು ಹಳೆಯ ಬಟ್ಟೆಯಿಂದಲೇ ಹೊಲಿಯುವ ಪದ್ಧತಿಯನ್ನು ಸಾಮಾನ್ಯವಾಗಿ ಬಡತನದ ಗುರುತೆಂದು ಹೇಳುತ್ತಾರೆ. ಬಡತನವಿದ್ದುದು ನಿಜ. ಆದರೆ ಅದರಲ್ಲಿ ಒಂದು ಪರೀಕ್ಷೆಯೂ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ. ಹತ್ತಾರು ವರ್ಷ ಉಟ್ಟು ಒಗೆದ ಬಟ್ಟೆಯು ಬಿಡಬೇಕಾದ ಬಣ್ಣವನ್ನು ಆಗಲೇ ಬಿಟ್ಟಿರುತ್ತದೆ, ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ, ಜೀರ್ಣವಾಗತಕ್ಕದ್ದು ಜೀರ್ಣವಾಗಿರುತ್ತದೆ. ಅದರಲ್ಲಿಯೂ ಗಟ್ಟಿಯಾಗಿ ಉಳಿದ ಭಾಗವನ್ನಷ್ಟೇ ಕೌದಿಗೆ ಕತ್ತರಿಸುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಕೌದಿಗಳು ಇಂದು ವಿದೇಶಗಳಲ್ಲಿಯೂ ಪ್ರದರ್ಶಿತವಾಗುತ್ತಿವೆ. ಅವೂ ಉಟ್ಟು ಬಿಟ್ಟ ಬಟ್ಟೆಯವೇ.

ಹೊಸ ಕಪ್ಪನ್ನೇ ಕೊಳ್ಳಬೇಕಾದವರಿಗೆ ಈ ಚರಿತ್ರೆಯಿಂದ ದೊರೆಯುವ ಪಾಠ ಸರಳವಾದುದು. ಒದ್ದೆಯಾದ ಬಿಳಿಯ ಬಟ್ಟೆಯಿಂದ ಕಪ್ಪನ್ನು ಬಲವಾಗಿ ಉಜ್ಜಿ ನೋಡಬೇಕು. ಒಂದು ತುಂಡನ್ನು ಬಿಳಿಯ ಬಟ್ಟೆಗೆ ಹೊಲಿದು, ಬಿಸಿ ಸೋಪುನೀರಿನಲ್ಲಿ ಒಗೆದು, ಬಿಳಿಯದರ ಮೇಲೆ ಎಷ್ಟು ಕಲೆಯಾಯಿತೆಂಬುದನ್ನು ಗಮನಿಸಬೇಕು. ಅಂತರರಾಷ್ಟ್ರೀಯ ಮಾನಕದಲ್ಲಿ ಪ್ರಯೋಗಶಾಲೆಗಳು 1ರಿಂದ 5ರವರೆಗೆ ಅಂಕ ಕೊಡುವುದೂ ತತ್ತ್ವತಃ ಇದೇ ರೀತಿಯಲ್ಲಿ. ಆ ಮೇಲೆ ಇಡೀ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಒಗೆದು, ಅನಂತರವೇ ಕತ್ತರಿ ಹಾಕಬೇಕು.

ಆದರೆ ಈ ಪರೀಕ್ಷೆಗಳೆಲ್ಲ ಬಣ್ಣವು ಬಟ್ಟೆಯನ್ನು ಬಿಡುತ್ತದೆಯೇ ಎಂಬುದನ್ನು ಮಾತ್ರ ತಿಳಿಸುತ್ತವೆ. ಬಣ್ಣವು ಬಟ್ಟೆಯನ್ನು ಉಳಿಯಗೊಡುತ್ತದೆಯೇ ಎಂಬುದನ್ನು ತಿಳಿಸಲಾರವು. ಎರಡನೆಯದಕ್ಕೆ ಕಾಲವೊಂದೇ ಪ್ರಮಾಣ. ಆದುದರಿಂದ ಮನೆಮನೆಗಳಲ್ಲಿ ಅಟ್ಟಕ್ಕೆ ಸೇರಿರುವ ಹಳೆಯ ಕೌದಿಗಳನ್ನು ಹರಿದುವೆಂದು ಎಸೆಯದೆ, ಹೊಲಿದವರ ಹೆಸರು, ಊರು, ಬಟ್ಟೆ ಬಂದ ಮೂಲ ಇವುಗಳನ್ನು ತಿಳಿದವರು ಇರುವಾಗಲೇ ಬರೆದಿಡಬೇಕೆಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇವೆ. ಬಟ್ಟೆ ಉದುರಿ ದಾರ ಮಾತ್ರ ನಿಂತ ಸ್ಥಳವನ್ನೂ ಅವರು ಗುರುತುಮಾಡಿಕೊಳ್ಳಲಿ. ಅಲ್ಲಿ ಒಂದು ಕಪ್ಪಿದ್ದಿತು. ಅದನ್ನು ಆರಿಸಿ ಹೊಲಿದ ಒಂದು ಕೈಯೂ ಇದ್ದಿತು.